ಮಲೇರಿಯಾ ಸೋಂಕಿನ ಸೂಚಕಗಳಾಗಿ ಪ್ರತಿಕಾಯಗಳು: ಒಂದು ಚಾರಿತ್ರಿಕ ಅವಲೋಕನ

ಮಲೇರಿಯಾ ಒಂದು ಸೀಮೆಯಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಅಳೆಯುವ ಪ್ರಯತ್ನವು ಅದರ ರೋಗಾಣುವಿನ ಶೋಧಕ್ಕಿಂತ ಹಿಂದಿನದು. 1840ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಉತ್ತರ ಭಾರತದ ಯಮುನಾ ಕಾಲುವೆಯ ಆಸುಪಾಸಿನ ಹಳ್ಳಿಗಳಲ್ಲಿ ಗುಲ್ಮ ಊದಿದವರ ಪ್ರಮಾಣವನ್ನು ಲೆಕ್ಕಹಾಕಿ ಅದನ್ನೇ ರೋಗದ ಅಳತೆಗೋಲಾಗಿಸಿದನು. 1880ರಲ್ಲಿ ಲಾವೆರಾನ್ ರೋಗಾಣುವನ್ನು ಕಂಡ ಮೇಲೆ ರಕ್ತಲೇಪನ ಪರೀಕ್ಷೆ ಮುಖ್ಯವಾಯಿತಾದರೂ ಅದು ಪರೀಕ್ಷೆಯ ದಿನದ ಸ್ಥಿತಿಯನ್ನಷ್ಟೇ ಹೇಳಬಲ್ಲದು; ಕಳೆದ ಮಳೆಗಾಲದಲ್ಲಿ ಸೋಂಕು ತಗಲಿ ಗುಣವಾದವನ ರಕ್ತವೂ ಎಂದೂ ಸೋಂಕು ಕಾಣದವನ ರಕ್ತವೂ ಸೂಕ್ಷ್ಮದರ್ಶಕದಡಿ ಒಂದೇ ಬಗೆಯಾಗಿ ತೋರುತ್ತವೆ. ಈ ಕೊರತೆಯನ್ನು ತುಂಬಿದ್ದು ಪ್ರತಿಕಾಯಗಳ, ಅಂದರೆ ಸೋಂಕಿಗೆ ಉತ್ತರವಾಗಿ ದೇಹವು ತಾನಾಗಿ ತಯಾರಿಸುವ ಪ್ರೋಟೀನುಗಳ, ಅಧ್ಯಯನ.

ಈ ಪ್ರತಿಕಾಯಗಳು ಮೊದಲು ಗಮನ ಸೆಳೆದದ್ದು ರಕ್ಷಕಗಳಾಗಿ. ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ 1961ರಲ್ಲಿ ಗ್ಯಾಂಬಿಯಾದ ವಯಸ್ಕರ ರಕ್ತದಿಂದ ಬೇರ್ಪಡಿಸಿದ, ಪ್ರತಿಕಾಯಗಳುಳ್ಳ ಗಾಮಾ ಗ್ಲಾಬ್ಯುಲಿನನ್ನು ಮಲೇರಿಯಾಪೀಡಿತ ಮಕ್ಕಳಿಗೆ ಕೊಟ್ಟಾಗ ರೋಗಾಣುಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ಆದರೆ ಅದೇ ದಶಕದಲ್ಲಿ ಬಳಕೆಗೆ ಬಂದ, ಪ್ರತಿಕಾಯಗಳನ್ನು ಹೊಳಪಿನಿಂದ ಗುರುತಿಸುವ ಪ್ರತಿದೀಪ್ತಿ ಪರೀಕ್ಷೆಯು, ಪ್ರತಿಕಾಯ ಹೇರಳವಾಗಿದ್ದರೂ ಜ್ವರ ಬರಬಹುದು ಎಂಬುದನ್ನು ತೋರಿಸುತ್ತ ಬಂದಿತು. ರಕ್ಷಣೆ ಮತ್ತು ಸೋಂಕಿನ ಗುರುತು ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಿದ್ದೇ ಈ ಶಾಖೆಯ ನಿಜವಾದ ತಿರುವು ಎನ್ನಬೇಕು. ಮಾರಿಷಸ್‌ನಲ್ಲಿ ಬ್ರೂಸ್ ಚ್ವಾಟ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನವು ರೋಗನಿರ್ಮೂಲನಕ್ಕೆ ಪ್ರತಿಕಾಯಗಳ ಸಾಕ್ಷ್ಯವನ್ನು ಒದಗಿಸಿತು. ಹರಡುವಿಕೆ ನಿಂತ ಮೇಲೆ ಹುಟ್ಟಿದವರಲ್ಲಿ ಪ್ರತಿಕಾಯವಿಲ್ಲದಿರುವುದು ಅಂಥ ಸಾಕ್ಷ್ಯದ ತಿರುಳು. ಆ ಶೂನ್ಯವು ರಕ್ಷಣೆಯ ಭರವಸೆಯಲ್ಲ: 1975ರ ಚಂಡಮಾರುತದ ಬಳಿಕ ದ್ವೀಪದಲ್ಲಿ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಮತ್ತೆ ಕಾಣಿಸಿಕೊಂಡಿತು.

1971ರಲ್ಲಿ ಪ್ರತಿಕಾಯಗಳನ್ನು ಅಳೆಯುವ ಎಲಿಸಾ ತಂತ್ರ ಬಂದಿತು. 1976ರಲ್ಲಿ ಟ್ರೇಗರ್ ಮತ್ತು ಜೆನ್ಸೆನ್ ಫಾಲ್ಸಿಪ್ಯಾರಮ್ ಎಂಬ ಮಲೇರಿಯಾ ರೋಗಾಣುವನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸಿದರು. ಮುಂದೆ ಒಂದೊಂದೇ ಪ್ರತಿಜನಕವನ್ನು, ಎಂದರೆ ಪ್ರತಿಕಾಯವು ಗುರುತಿಸುವ ರೋಗಾಣುವಿನ ಅಂಶವನ್ನು, ಶುದ್ಧವಾಗಿ ತಯಾರಿಸುವುದು ಸಾಧ್ಯವಾದಾಗ ಲೆಕ್ಕಾಚಾರಕ್ಕೆ ನಿಖರತೆ ಬಂದಿತು. 2005ರಲ್ಲಿ ಡ್ರೇಕ್ಲಿ ಮತ್ತು ಸಹಸಂಶೋಧಕರು ಈಶಾನ್ಯ ತಾಂಜಾನಿಯಾದ ಬೆಟ್ಟದ ಸೀಮೆಗಳಲ್ಲಿ, ಎತ್ತರ ಹೆಚ್ಚಿದಂತೆ ರೋಗದ ಹರಡುವಿಕೆ ಕುಗ್ಗುವುದನ್ನೇ ಆಧಾರವಾಗಿಟ್ಟು, ವಯಸ್ಸಿಗನುಗುಣವಾದ ಪ್ರತಿಕಾಯದ ಪ್ರಮಾಣದಿಂದ ವರ್ಷಕ್ಕೆ ಎಷ್ಟು ಮಂದಿ ಹೊಸದಾಗಿ ಪ್ರತಿಕಾಯವುಳ್ಳವರಾಗುತ್ತಾರೆ ಎಂಬ ದರವನ್ನು ಅಂದಾಜಿಸಿದರು. ಸೋಂಕು ಇಳಿದಿರುವ ಕಡೆ ವಯಸ್ಸಿಗನುಗುಣವಾದ ಪ್ರತಿಕಾಯ ಪ್ರಮಾಣದ ಈ ರೇಖೆಯು ಮಕ್ಕಳಲ್ಲಿ ತಟ್ಟನೆ ಕುಸಿಯುವುದರಿಂದ, ಹಳೆಯ ದಾಖಲೆಗಳೇ ಇಲ್ಲದ ಊರಿನ ದಶಕಗಳ ಚರಿತ್ರೆಯನ್ನೂ ಒಂದೇ ಸಮೀಕ್ಷೆಯಲ್ಲಿ ಓದಬಹುದು.

ದೀರ್ಘಕಾಲ ಉಳಿಯುವ ಪ್ರತಿಕಾಯಗಳಿಂದ ಇತ್ತೀಚಿನ ಸೋಂಕು ತಿಳಿಯದು. ಬೇಗ ಇಳಿದುಹೋಗುವ ಪ್ರತಿಕಾಯಗಳತ್ತ ಗಮನ ಹರಿದದ್ದು ಆ ಕಾರಣದಿಂದ. ವೈವ್ಯಾಕ್ಸ್ ರೋಗಾಣುವಿನ ವಿಷಯದಲ್ಲಿ ಇದರ ಮಹತ್ವ ಬಹಳ ದೊಡ್ಡದು, ಏಕೆಂದರೆ ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು, ರಕ್ತಪರೀಕ್ಷೆಗೆ ಸಿಗದೆ, ಮತ್ತೆ ಜ್ವರವನ್ನು ತರುತ್ತದೆ. 2020ರಲ್ಲಿ ಲಾಂಗ್ಲಿ ಮತ್ತು ಸಹಸಂಶೋಧಕರು ಥಾಯ್ಲೆಂಡ್, ಬ್ರೆಜಿಲ್ ಹಾಗೂ ಸಾಲೊಮನ್ ದ್ವೀಪಗಳ ಮಾದರಿಗಳನ್ನು ಪರೀಕ್ಷಿಸಿ, 8 ಪ್ರತಿಜನಕಗಳ ನೆರವಿನಿಂದ ಹಿಂದಿನ 9 ತಿಂಗಳೊಳಗೆ ಸೋಂಕಾದವರನ್ನು ಸುಮಾರು ಶೇ. 80ರಷ್ಟು ನಿಖರತೆಯಿಂದ ಗುರುತಿಸಬಹುದೆಂದು ತೋರಿಸಿದರು. ಹೀಗೆ ಗುರುತಾದವರಿಗಷ್ಟೇ, ಯಕೃತ್ತಿನ ಸುಪ್ತ ರೋಗಾಣುವನ್ನು ಕೊಲ್ಲುವ ಪ್ರಿಮಾಕ್ವಿನ್ ಔಷಧವನ್ನು ಕೊಡುವ ದಾರಿ ಇದರಿಂದ ತೆರೆಯುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯುಳ್ಳವರಲ್ಲಿ ಆ ಔಷಧವು ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ, ಇಡೀ ಊರಿಗೆ ಅದನ್ನು ಹಂಚುವುದಕ್ಕಿಂತ ಈ ಆಯ್ಕೆಯ ಚಿಕಿತ್ಸೆಯೇ ಸುರಕ್ಷಿತವೆನ್ನಿಸುತ್ತದೆ.