ಒಪ್ಪ, ಒಪ್ಪಿಗೆ, ಒಪ್ಪಿಸು

ವೈದ್ಯಕೀಯ ಸಂಶೋಧನೆಗೆ ಜನರನ್ನು ಸೇರಿಸಿಕೊಳ್ಳುವ ಮೊದಲು ಅವರ ಕೈಗೆ ಕೊಡುವ ಕಾಗದಕ್ಕೆ ‘ಒಪ್ಪಿಗೆ ಪತ್ರ’ ಎನ್ನುತ್ತೇವೆ. ಈ ಪದದ ಬೇರು ‘ಒಪ್ಪು’. ಹಳಗನ್ನಡ ಕವಿಗಳಿಗೆ ಒಪ್ಪುವುದೆಂದರೆ ಚೆಲುವಾಗಿ ಕಾಣುವುದು, ತಕ್ಕುದಾಗಿರುವುದು. ‘ಈ ಬಣ್ಣ ನಿನಗೆ ಒಪ್ಪುತ್ತದೆ’ ಎಂಬಲ್ಲಿ, ‘ಒಪ್ಪ ಓರಣ’ ಎಂಬಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ತೆಲುಗಿನಲ್ಲಿ ‘ಒಪ್ಪು’ ತಪ್ಪಿನ ವಿರುದ್ಧ ಪದ. ತಕ್ಕುದೆಂದು ಮನಸ್ಸಿಗೆ ತೋರಿದ್ದಕ್ಕೆ ಸಮ್ಮತಿಸುವುದೂ ಮುಂದೆ ‘ಒಪ್ಪುವುದು’ ಆಯಿತು. ಒಪ್ಪಿಗೆ, ಒಪ್ಪಂದಗಳು ಅಲ್ಲಿಂದ ಬಂದವು.

ಶಾಸನಗಳಲ್ಲಿ ‘ಒಪ್ಪ’ ಎಂದರೆ ರುಜು. ವಿಜಯನಗರದ ಅರಸರ ತಾಮ್ರಪಟಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ ‘ಶ್ರೀ ವಿರೂಪಾಕ್ಷ’ ಅಂಥದೊಂದು ಒಪ್ಪ. ಮಲಯಾಳಿಗರು ಸಹಿಗೆ ಈಗಲೂ ‘ಒಪ್ಪ್’ ಎನ್ನುತ್ತಾರೆ. ನಮ್ಮ ‘ಸಹಿ’ಯ ಮೂಲವಾದ ಅರಬ್ಬಿ ಪದದ ಅರ್ಥವೂ ‘ಸರಿಯಾದದ್ದು’ ಎಂದೇ. ಎರಡು ಪದಗಳಲ್ಲೂ ಸರಿಯೆನಿಸುವುದು ಮೊದಲು, ರುಜು ಆಮೇಲೆ.

ಸಂಶೋಧನೆಯಲ್ಲಿ ಈ ಕ್ರಮ ತಲೆಕೆಳಗಾಗಬಾರದು. ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ಹುಟ್ಟಿದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರವೇ ಸ್ವಇಚ್ಛೆಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ವಿವರಗಳು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದವರ ಹೆಬ್ಬೆಟ್ಟು ಪಡೆಯುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಜೊತೆಗಿರಬೇಕು. ಏಳು ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವಿನ ಮನಸ್ಸನ್ನೂ ಕೇಳಬೇಕು.

ಹೊಸ ಮದ್ದಿನ ಪ್ರಯೋಗಕ್ಕಷ್ಟೇ ಒಪ್ಪಿಗೆಯ ಈ ನಿಯಮ ಸೀಮಿತವಲ್ಲ. ಮನೆಬಾಗಿಲಿಗೆ ಬಂದು ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುವ ಅಧ್ಯಯನ, ತಪಾಸಣೆಯಲ್ಲಿ ಮಿಕ್ಕ ರಕ್ತ, ಆಸ್ಪತ್ರೆಯ ಹಳೆಯ ಕಡತ ಇವುಗಳ ಹಿಂದೆಯೂ ಮನುಷ್ಯರಿದ್ದಾರೆ. ಕೆಲವು ಸಂದರ್ಭಗಳಲ್ಲಿ ಒಪ್ಪಿಗೆ ಪಡೆಯುವುದರಿಂದ ವಿನಾಯಿತಿ ಉಂಟು. ಆದರೆ ಅದನ್ನು ತೀರ್ಮಾನಿಸುವುದು ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿ, ಸಂಶೋಧಕರಲ್ಲ.

ಇದೇ ಬೇರಿನ ‘ಒಪ್ಪಿಸು’ ಪದಕ್ಕೆ ಮನವೊಲಿಸು, ವಶಕ್ಕೆ ಕೊಡು ಎಂಬ ಎರಡು ಅರ್ಥಗಳಿವೆ. ಸಂಶೋಧನೆಗೆ ಒಪ್ಪಿದವರು ತಮ್ಮನ್ನು ಒಪ್ಪಿಸಿಕೊಂಡಿರುವುದಿಲ್ಲ; ಕಾರಣ ಹೇಳದೆಯೂ ನಡುವೆಯೇ ಹೊರಬರಬಹುದು. ಅದರಿಂದ ಅವರ ಚಿಕಿತ್ಸೆಗೆ ತೊಂದರೆಯಾಗಕೂಡದು. ಅಂಥ ಕಾಗದ ನಿಮ್ಮ ಮುಂದೆ ಬಂದಾಗ ಪೂರ್ತಿ ಓದಿ, ತಿಳಿಯದ್ದನ್ನು ಕೇಳಿ. ಸರಿಯೆನಿಸಿದರೆ ಮಾತ್ರ ಸಹಿ ಹಾಕಿ.