ಅಭಯದಾನ, ಔಷಧದಾನ ಮತ್ತು ವ್ಯಸನಿಯ ಪ್ರಾಣ

ಗದಗ ಜಿಲ್ಲೆಯ ನರಗುಂದ ತಾಲೂಕಿನ ಶಿರೋಳವು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಹೆಸರಾದ ಊರು. ಹಿಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಆಡಳಿತದಲ್ಲಿತ್ತು. ಆದ್ದರಿಂದ 1949ರ ಮುಂಬಯಿ ಪಾನನಿರೋಧ ಕಾಯಿದೆ ಇಲ್ಲಿಯೂ ಜಾರಿಗೆ ಬಂದಿತು. ಏಕೀಕರಣದ ನಂತರ 1965ರಲ್ಲಿ ಹೊಸ ಅಬಕಾರಿ ಕಾಯಿದೆಯಾಯಿತು. 1967ರಲ್ಲಿ ಪಾನನಿರೋಧ ತೆರವಾಯಿತು. ಪರವಾನಗಿಯ ಸಾರಾಯಿ ಅಂಗಡಿಗಳು ಹಳ್ಳಿಹಳ್ಳಿಗೂ ಬಂದವು. ಮುಂದೆ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ಸರ್ಕಾರ ನಿಷೇಧಿಸಿತು. ಹೀಗೆ ಈ ಭಾಗದ ಒಬ್ಬ ರೈತನು ತನ್ನ ಒಂದೇ ಜೀವಮಾನದಲ್ಲಿ ಕುಡಿತವು ಅಪರಾಧವಾದುದನ್ನೂ, ಸರ್ಕಾರದ ಆದಾಯವಾದುದನ್ನೂ, ಅದರ ಒಂದು ಭಾಗ ಮತ್ತೆ ಅಪರಾಧವಾದುದನ್ನೂ ಕಂಡನು. ಈ ಅವಧಿಯುದ್ದಕ್ಕೂ ಬದಲಾಗದೆ ಉಳಿದುದು ಒಂದೇ: ಅಗ್ಗದ ಅಮಲಿಗೆ ಬಲಿಯಾಗುತ್ತಿದ್ದ ಬಡವರ ಪ್ರಾಣ.

ಕರ್ನಾಟಕದ ಇತಿಹಾಸದಲ್ಲಿ ಇಂಥ ಸಾಮೂಹಿಕ ಸಾವಿನ ಎರಡು ಪ್ರಸಂಗಗಳು ಮುಖ್ಯವಾಗಿವೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಸೇವಿಸಿ ಮುನ್ನೂರಕ್ಕೂ ಹೆಚ್ಚು ಜನ ಮೃತರಾದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಸುತ್ತಿನ ಊರುಗಳಲ್ಲಿಯೂ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಕಳ್ಳಭಟ್ಟಿಯ ವಿಷಕ್ಕೆ ನೂರೈವತ್ತಕ್ಕಿಂತ ಹೆಚ್ಚು ಜನ ತುತ್ತಾದರು. ಮೊದಲನೆಯದು ಸಾರಾಯಿಗೆ ಪರವಾನಗಿ ಇದ್ದ ಕಾಲದ್ದು. ಎರಡನೆಯದು ಸಾರಾಯಿ ನಿಷೇಧವಾಗಿ ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಸಂಭವಿಸಿದ್ದು. ಆದಕಾರಣ ಪರವಾನಗಿಯೇ ಸಾವಿಗೆ ಮೂಲವೆಂದಾಗಲಿ, ನಿಷೇಧವೇ ಮೂಲವೆಂದಾಗಲಿ ತೀರ್ಮಾನಿಸುವುದು ಸರಿಯಾಗಲಾರದು. ಕಾನೂನಿನ ಆಚೆಗೆ ಸಮಾಜವು ಮಾಡಬೇಕಾದ ಕಾರ್ಯವೊಂದು ಉಳಿದಿದೆ ಎಂಬುದೇ ಈ ಎರಡು ಘಟನೆಗಳ ಪಾಠ.

ಆ ಕಾರ್ಯ ಯಾವುದೆಂದು ತಿಳಿಯಲು ವಿಷದ ಸ್ವಭಾವವನ್ನು ಅರಿಯಬೇಕು. ಇಂಥ ಮದ್ಯದಲ್ಲಿ ಕೊಲ್ಲುವ ವಸ್ತು ಸಾಮಾನ್ಯವಾಗಿ ಮೆಥನಾಲ್, ಅಂದರೆ ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ ಅಗ್ಗದ ರಾಸಾಯನಿಕ. ಬಣ್ಣದಿಂದಲೋ ವಾಸನೆಯಿಂದಲೋ ಅದನ್ನು ಗುರುತಿಸುವುದು ಕುಡಿಯುವವನಿಗೆ ಅಸಾಧ್ಯ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ, ರಕ್ತವನ್ನು ಆಮ್ಲಮಯಗೊಳಿಸುತ್ತದೆ. ಈ ಮಾರ್ಪಾಡಿಗೆ ಸಮಯ ಬೇಕಾದುದರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ, ವಿಶೇಷ ಲಕ್ಷಣಗಳು ತೋರುವುದಿಲ್ಲ. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಮಂಜು ಕವಿದಂಥ ದೃಷ್ಟಿ ಕಾಣಿಸಿಕೊಳ್ಳುತ್ತವೆ. ಮನೆಯವರು ಅದನ್ನು ನಿನ್ನೆಯ ಅಮಲೆಂದೇ ಬಗೆದು ಮಲಗಿಸಿಬಿಡುತ್ತಾರೆ. ಇದಕ್ಕೆ ಪ್ರತಿವಿಷವುಂಟು, ರಕ್ತಶುದ್ಧೀಕರಣವೂ ಉಂಟು. ಆದರೆ ಅವು ಆಸ್ಪತ್ರೆಯಲ್ಲಿವೆ, ಮತ್ತು ಹೊತ್ತು ಮೀರಿದ ಮೇಲೆ ಅವುಗಳಿಂದ ಪ್ರಯೋಜನ ಕಡಿಮೆ. ಅಂದಮೇಲೆ ವಿಷದಷ್ಟೇ ಘಾತಕವಾದುದು ವಿಳಂಬ. ಆ ವಿಳಂಬಕ್ಕೆ ಕಾರಣಗಳು ಎರಡು: ಒಂದು ಅಜ್ಞಾನ, ಇನ್ನೊಂದು ಭಯ. ಪೊಲೀಸರ ಭಯ, ನೆರೆಯವರ ಮಾತಿನ ಭಯ, ಮನೆತನದ ಮರ್ಯಾದೆಯ ಭಯ.

ಉತ್ತರ ಕರ್ನಾಟಕದಲ್ಲಿ ವ್ಯಸನದ ವಿರುದ್ಧ ನಡೆದ ಜನಜಾಗೃತಿಗೆ ಗೌರವಾರ್ಹವಾದ ಇತಿಹಾಸವಿದೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳುಕಡಿಗಳ ಬದಲಿಗೆ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಬೈಯದೆ, ಹೀಗಳೆಯದೆ, ಬೇಡಿ ಪಡೆದುದು ಆ ಕ್ರಮದ ಹಿರಿಮೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಗ್ರಾಮಗ್ರಾಮಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿತು. ಕುಡಿತ ಬಿಟ್ಟವರು ಪರಸ್ಪರ ಆಸರೆಯಾಗಿರಲೆಂದು ಶಿಬಿರದ ನಂತರ ನವಜೀವನ ಸಮಿತಿಗಳನ್ನು ರಚಿಸುವುದು ಆ ಶಿಬಿರಗಳ ದೂರದೃಷ್ಟಿಗೆ ಸಾಕ್ಷಿ.

ಈ ದೂರದೃಷ್ಟಿಗೆ ವೈದ್ಯಶಾಸ್ತ್ರದ ಆಧಾರವೂ ಇದೆ. ದೀರ್ಘಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಸನ್ನಿ ಉಂಟಾಗಿ ಪ್ರಾಣಾಪಾಯವಾಗಬಹುದು; ಆದ್ದರಿಂದ ತ್ಯಾಗದ ಸಂಕಲ್ಪಕ್ಕೆ ವೈದ್ಯರ ನೆರವು ಜೊತೆಯಾಗಿರಬೇಕು. ಅಫೀಮು, ಹೆರಾಯಿನ್ ಮತ್ತು ಅದೇ ವರ್ಗದ ನೋವುನಿವಾರಕ ಮಾತ್ರೆಗಳ ವಿಷಯದಲ್ಲಿ ಅಪಾಯ ಬೇರೆ ಬಗೆಯದು. ಕೆಲವು ವಾರ ಬಿಟ್ಟಿದ್ದವನ ದೇಹವು ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಶಿಬಿರದಿಂದಲೋ ಆಸ್ಪತ್ರೆಯಿಂದಲೋ ಸೆರೆಮನೆಯಿಂದಲೋ ಹೊರಬಂದವನು ಎಡವಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ಕುಗ್ಗಿ ಸಾಯುತ್ತಾನೆ. ಮದ್ಯ ಅಥವಾ ನಿದ್ರೆಮಾತ್ರೆ ಜೊತೆಗೂಡಿದರೆ ಅಪಾಯ ಇಮ್ಮಡಿಸುತ್ತದೆ. ಬಿಟ್ಟವನು ಮತ್ತೆ ಮುಚ್ಚಿಟ್ಟು, ಒಂಟಿಯಾಗಿ ಸೇವಿಸುವುದು ನಾಚಿಕೆಯಿಂದ. ಅವನನ್ನು ಎಬ್ಬಿಸಲು ಯಾರೂ ಇಲ್ಲದಿರುವುದೂ ಆ ನಾಚಿಕೆಯ ಫಲವೇ.

ಇಂಥ ಸಾವನ್ನು ತಡೆಯುವ ಔಷಧವೂ ಇದೆ. 1961ರಲ್ಲಿ ರೂಪುಗೊಂಡ ನಲೋಕ್ಸೋನ್ ಕೆಲವೇ ನಿಮಿಷಗಳಲ್ಲಿ ನಿಂತುಹೋಗುತ್ತಿರುವ ಉಸಿರನ್ನು ಮರಳಿಸಬಲ್ಲದು. ಅದರ ಪ್ರಭಾವ ಅಲ್ಪಕಾಲದ್ದಾದುದರಿಂದ ಆಸ್ಪತ್ರೆಯ ಆರೈಕೆ ಅನಿವಾರ್ಯ. ಅಮೆರಿಕದ ಷಿಕಾಗೋ ನಗರದಲ್ಲಿ 1996ರಿಂದ ಸೇವಾಕಾರ್ಯಕರ್ತರು ಅದನ್ನು ವ್ಯಸನಿಗಳ ಕೈಗೇ ಕೊಡತೊಡಗಿದರು. ಅಂಥ ಅಪಾಯವನ್ನು ಕಣ್ಣಾರೆ ಕಾಣುವ ಸಂಭವವಿರುವವರೆಲ್ಲರಿಗೂ ಅದು ದೊರೆಯಬೇಕೆಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿತು. ಭಾರತದಲ್ಲಿಯೂ ಅದು ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. 1985ರ ಮಾದಕವಸ್ತು ಕಾಯಿದೆಯ 64ಎ ಕಲಮು, ಅಲ್ಪ ಪ್ರಮಾಣದ ಅಪರಾಧವೆಸಗಿದ ವ್ಯಸನಿಯು ತಾನಾಗಿ ಚಿಕಿತ್ಸೆ ಬಯಸಿದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ದಂಡನೆಗೆ ಹೆಸರಾದ ಕಾಯಿದೆಯಲ್ಲಿಯೂ ಅಭಯಕ್ಕೆ ಒಂದು ಬಾಗಿಲಿದೆ. ಅದನ್ನು ಬಲ್ಲವರು ವಿರಳ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ವ್ಯಸನಿಯನ್ನು ಉಳಿಸುವ ಉಪಾಯವನ್ನು ಕಲಿಸಿದರೆ ವ್ಯಸನಕ್ಕೇ ಸಮ್ಮತಿಯಿತ್ತಂತೆ ಆಗದೇ? ಸಪ್ತವ್ಯಸನಗಳ ತ್ಯಾಗವನ್ನು ಶ್ರಾವಕನ ಮೊದಲ ಮೆಟ್ಟಿಲೆಂದು ಸಾರಿದ ಧರ್ಮವು ಇದನ್ನು ಒಪ್ಪೀತೇ? ಉತ್ತರವು ಅದೇ ಧರ್ಮದಲ್ಲಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತಿಕರಣವೂ ಸೇರಿವೆ. ಜಾರಿದವನ ದೋಷವನ್ನು ಬೀದಿಗೆ ಎಳೆಯದಿರುವುದು ಉಪಗೂಹನ; ಅವನನ್ನು ಮರಳಿ ಸನ್ಮಾರ್ಗದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಸತ್ತವನನ್ನು ಯಾವ ಮಾರ್ಗದಲ್ಲಿಯೂ ನಿಲ್ಲಿಸಲಾಗದು. ಇದೇ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ದಾನಚಿಂತಾಮಣಿ ಎನಿಸಿದಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಕನ್ನಡ ನಾಡಿನ ಶಾಸನಗಳು ಕೊಂಡಾಡಿವೆ. ಅಭಯ, ಔಷಧಗಳನ್ನು ನೀಡುವಾಗ ಪಡೆಯುವವನು ವ್ರತಸ್ಥನೇ ಎಂದು ವಿಚಾರಿಸಿದರೆ ಅದು ಕರುಣಾದಾನವೆನಿಸದು.

ಶಿರೋಳದಂಥ ಊರು ಮಾಡಬೇಕಾದುದು ದೊಡ್ಡ ವೆಚ್ಚದ ಕಾರ್ಯವೇನಲ್ಲ. ಕುಡಿದ ಮರುದಿನ ಕಣ್ಣು ಮಂಜಾದರೆ ಅದು ವಿಷವೆಂದು ಪ್ರತಿ ಮನೆಯೂ ಅರಿಯಬೇಕು. ಒಬ್ಬನಲ್ಲಿ ಲಕ್ಷಣ ಕಂಡಾಗ ಜೊತೆಗೆ ಕುಡಿದವರೆಲ್ಲರನ್ನೂ ಹುಡುಕಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರತಪ್ಪಿ ಗೊರಕೆಯಂತೆ ಉಸಿರೆಳೆಯುವವನನ್ನು ನಿದ್ರೆಯೆಂದು ಬಿಡದೆ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಏನು ಸೇವಿಸಿದನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ವ್ರತ ಮುರಿದವನು ಊರ ಹಿರಿಯರ ಬಳಿಗೆ ಹೆದರದೆ ಬರುವಂತಿರಬೇಕು. 1981ರಲ್ಲಿಯೂ 2008ರಲ್ಲಿಯೂ ಸತ್ತವರ ಮನೆಗಳಿಗೆ ಸಾಂತ್ವನ ತಲುಪಿದ್ದು ಹೆಣವೆತ್ತಿದ ಮೇಲೆ. ಅದಕ್ಕೆ ಒಂದು ದಿನ ಮೊದಲು ತಲುಪುವ ನೆರವನ್ನೇ ಅಹಿಂಸೆಯು ಸಮಾಜದಿಂದ ಬಯಸುತ್ತದೆ.