ಸ್ಪರ್ಧಾತ್ಮಕ ಪಿಸ್ತೂಲು ಶೂಟಿಂಗ್: ಅಭ್ಯಾಸ ಕ್ರಮ ಮತ್ತು ಕೌಶಲವೃದ್ಧಿ

ಪೀಠಿಕೆ

ನಿಗದಿತ ದೂರದಲ್ಲಿರುವ ಗುರಿಹಲಗೆಗೆ, ನಿಗದಿತ ಸಮಯದೊಳಗೆ, ನಿಯಮಬದ್ಧವಾಗಿ ಗುಂಡು ಹಾರಿಸಿ ಅಂಕ ಗಳಿಸುವ ಕ್ರೀಡೆಗೆ ಶೂಟಿಂಗ್ ಎಂದು ಹೆಸರು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿಯೇ ಪಿಸ್ತೂಲು ಸ್ಪರ್ಧೆಗಳು ನಡೆದಿದ್ದವು. ಇದು ಬಲಪ್ರದರ್ಶನದ ಆಟವಲ್ಲ. ಕೈಯ ಸ್ಥಿರತೆ, ಕಣ್ಣಿನ ಏಕಾಗ್ರತೆ ಹಾಗೂ ಮನಸ್ಸಿನ ಸಂಯಮ ಇವುಗಳೇ ಇಲ್ಲಿ ಬಂಡವಾಳ. ಗದಗ ತಾಲ್ಲೂಕಿನ ಅಂತೂರ-ಬೆಂತೂರದಂತಹ ಗ್ರಾಮದಲ್ಲಿರುವ ಯುವಕ ಯುವತಿಯರಿಗೂ ಈ ಕ್ರೀಡೆಯ ಮೊದಲ ಮೆಟ್ಟಿಲು ಎಟುಕುವಂಥದ್ದೇ ಆಗಿದೆ. ಏಕೆಂದರೆ ಪಿಸ್ತೂಲು ಶೂಟಿಂಗ್‌ನ ಕಲಿಕೆಯಲ್ಲಿ ಹೆಚ್ಚಿನ ಭಾಗವು ಗುಂಡು ಹಾರಿಸದೆಯೇ ನಡೆಯುತ್ತದೆ.

ಕರ್ನಾಟಕದ ಸಾಧಕರು

ಬೆಂಗಳೂರಿನ ಪಿ.ಎನ್. ಪ್ರಕಾಶ್ (ಪ್ರಕಾಶ್ ನಂಜಪ್ಪ) ಅವರು ತಂತ್ರಾಂಶ ಎಂಜಿನಿಯರ್ ಆಗಿ ಕೆನಡಾದಲ್ಲಿ ದುಡಿದು, ಬಳಿಕ ತಾಯ್ನಾಡಿಗೆ ಮರಳಿ ಶೂಟಿಂಗ್ ಕ್ರೀಡೆಯನ್ನು ಗಂಭೀರವಾಗಿ ಕೈಗೊಂಡವರು. ಅವರ ತಂದೆಯವರೂ ಶೂಟಿಂಗ್ ಕ್ರೀಡಾಪಟು. 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವಾನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲು ವಿಭಾಗದಲ್ಲಿ ಅವರು ಕಂಚಿನ ಪದಕ ಗಳಿಸಿದರು. ಅದೇ ವರ್ಷ ಸ್ಪೇನ್ ದೇಶದಲ್ಲಿದ್ದಾಗ ಅವರ ಮುಖದ ಒಂದು ಪಾರ್ಶ್ವವು ಪಾರ್ಶ್ವವಾಯುವಿಗೆ ತುತ್ತಾಯಿತು. ಕಣ್ಣನ್ನೇ ನಂಬಿದ ಕ್ರೀಡಾಪಟುವಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೊಂದಿಲ್ಲ. ಅದರಿಂದ ಚೇತರಿಸಿಕೊಂಡ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, ಅದೇ ವರ್ಷದ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದೊಂದಿಗೆ ಕಂಚು ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಆ ಸ್ಪರ್ಧೆಯನ್ನು ರಿಯೊ ನಂತರ ಒಲಿಂಪಿಕ್ಸ್‌ನಿಂದ ಕೈಬಿಡಲಾಗಿದೆ.

ರಾಜ್ಯದವರೇ ಆದ ದಿವ್ಯಾ ಟಿ.ಎಸ್. ಅವರು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ತಂಡ ವಿಭಾಗ ಹಾಗೂ ಮಿಶ್ರ ತಂಡ ವಿಭಾಗ ಎರಡರಲ್ಲಿಯೂ ಬೆಳ್ಳಿ ಪದಕ ಪಡೆದಿದ್ದಾರೆ. ಮಿಶ್ರ ವಿಭಾಗದಲ್ಲಿ ಅವರ ಜೊತೆಗಾರರಾಗಿದ್ದ ಸರಬ್‌ಜೋತ್ ಸಿಂಗ್ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರೊಂದಿಗೆ ಕಂಚು ಗೆದ್ದರು.

ಸ್ಪರ್ಧೆಗಳ ಸ್ವರೂಪ

ಹೊಸಬರಿಗೆ ಸೂಕ್ತವಾದುದು 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆ. ಇದರಲ್ಲಿ 4.5 ಮಿ.ಮೀ. ವ್ಯಾಸದ ಸೀಸದ ಪೆಲೆಟ್ ಬಳಸಲಾಗುತ್ತದೆ. ಪಿಸ್ತೂಲಿನ ತೂಕ 1,500 ಗ್ರಾಂ ಮೀರುವಂತಿಲ್ಲ. ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಒತ್ತಡ ಬೇಕು. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ನಿಂತು ಗುರಿಯಿಡತಕ್ಕದ್ದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವಂತಿಲ್ಲ. ವಿದ್ಯುನ್ಮಾನ ಗುರಿಹಲಗೆಯಾದರೆ 1 ಗಂಟೆ 15 ನಿಮಿಷದಲ್ಲಿ 60 ಗುಂಡುಗಳು, ಗರಿಷ್ಠ 600 ಅಂಕ. 2018ರಿಂದ ಮಹಿಳೆಯರಿಗೂ 60 ಗುಂಡುಗಳೇ ನಿಗದಿಯಾಗಿವೆ. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.

25 ಮೀಟರ್ ಸ್ಪರ್ಧೆಗಳಲ್ಲಿ ವೇಗವೂ ಸೇರಿಕೊಳ್ಳುತ್ತದೆ. ಮಹಿಳೆಯರ 25 ಮೀಟರ್ ಪಿಸ್ತೂಲಿನ ದ್ವಿತೀಯಾರ್ಧದಲ್ಲಿ ಗುರಿಯು 3 ಸೆಕೆಂಡು ಮಾತ್ರ ತೆರೆದುಕೊಂಡು 7 ಸೆಕೆಂಡು ಮರೆಯಾಗುತ್ತದೆ. ಪ್ರತಿ ಬಾರಿಯೂ ಇಳಿಸಿದ ಕೈಯನ್ನು ಎತ್ತಿ ಒಂದೇ ಗುಂಡು ಹಾರಿಸಬೇಕು. ಪುರುಷರ ರ್‍ಯಾಪಿಡ್ ಫೈರ್‌ನಲ್ಲಿ ಸಾಲಾಗಿರುವ ಐದು ಗುರಿಗಳಿಗೆ ಐದು ಗುಂಡುಗಳನ್ನು ಕ್ರಮವಾಗಿ 8, 6 ಮತ್ತು 4 ಸೆಕೆಂಡುಗಳ ಸುತ್ತುಗಳಲ್ಲಿ ಹಾರಿಸಬೇಕು. ಭಾರತದ ವಿಜಯ್ ಕುಮಾರ್ ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದುದು ಇದೇ ಸ್ಪರ್ಧೆಯಲ್ಲಿ.

ಇವೆರಡಕ್ಕಿಂತ ಭಿನ್ನವಾದುದು ಪ್ರಾಕ್ಟಿಕಲ್ ಪಿಸ್ತೂಲು ಶೂಟಿಂಗ್. ಇದರ ಅಂತರರಾಷ್ಟ್ರೀಯ ಸಂಸ್ಥೆಯು 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸ್ಥಾಪನೆಯಾಯಿತು. ಇಲ್ಲಿ ಸ್ಪರ್ಧಿಯು ಸೊಂಟದ ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆದು, ಸ್ಥಳದಿಂದ ಸ್ಥಳಕ್ಕೆ ಚಲಿಸುತ್ತ, ಬೇರೆ ಬೇರೆ ದೂರದ ಗುರಿಗಳಿಗೆ ಹೊಡೆಯುತ್ತಾನೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ನಿರ್ಧರಿಸಲಾಗುತ್ತದೆ. ಈ ಲೆಕ್ಕವು ಎಲ್ಲ ಬಗೆಯ ಶೂಟಿಂಗ್ ಕಲಿಯುವವರಿಗೂ ತಿಳಿದಿರುವುದು ಒಳಿತು. ಹನ್ನೆರಡು ಗುಂಡುಗಳ ಒಂದು ಹಂತವನ್ನು ಊಹಿಸಿಕೊಳ್ಳಬಹುದು. ಹನ್ನೆರಡೂ 5 ಅಂಕದ ವಲಯಕ್ಕೆ ಬಿದ್ದು 10 ಸೆಕೆಂಡು ಹಿಡಿದರೆ 60ನ್ನು 10ರಿಂದ ಭಾಗಿಸಿದಾಗ 6 ಬರುತ್ತದೆ. ಅವಸರಿಸಿ 8 ಸೆಕೆಂಡಿನಲ್ಲಿ ಮುಗಿಸಿ, ಆರು ಗುಂಡುಗಳು 3 ಅಂಕದ ವಲಯಕ್ಕೆ ಸರಿದರೆ 48 ಅಂಕ. ಫಲ ಮತ್ತೆ ಅದೇ 6. ಅದೇ 8 ಸೆಕೆಂಡಿನಲ್ಲಿ ಹನ್ನೊಂದು ಗುಂಡು ಸರಿಯಾಗಿ ಬಿದ್ದು ಒಂದೇ ಒಂದು ಗುರಿ ತಪ್ಪಿದರೆ 10 ಅಂಕ ದಂಡ ಕಳೆದು 45 ಉಳಿಯುತ್ತದೆ, ಫಲ 5.63ಕ್ಕೆ ಇಳಿಯುತ್ತದೆ. ಎರಡು ಸೆಕೆಂಡಿನ ಉಳಿತಾಯವನ್ನು ಒಂದು ತಪ್ಪು ಗುಂಡು ನುಂಗಿಹಾಕಿತು.

ಈ ಪ್ರಕಾರದಲ್ಲಿ ವ್ಯಾಪಕವಾಗಿ ಬಳಸುವ 9 ಮಿ.ಮೀ. ಪಿಸ್ತೂಲು ಭಾರತದಲ್ಲಿ ನಾಗರಿಕರಿಗೆ ನಿಷಿದ್ಧ ಬೋರ್ ವರ್ಗಕ್ಕೆ ಸೇರಿದೆ. ಆದ್ದರಿಂದ ರಾಜ್ಯದ ಸಾಮಾನ್ಯ ಕ್ರೀಡಾಪಟುವಿಗೆ ಏರ್ ಪಿಸ್ತೂಲು, ಅನಂತರ 25 ಮೀಟರ್ ಸ್ಪರ್ಧೆಗಳೇ ಸಹಜ ದಾರಿ.

ಕಾನೂನಿನ ಅಂಶಗಳು

ಆಯುಧಗಳ ಅಧಿನಿಯಮ, 1959 ಹಾಗೂ ಆಯುಧಗಳ ನಿಯಮಗಳು, 2016 ಇವು ಈ ವಿಷಯವನ್ನು ನಿಯಂತ್ರಿಸುತ್ತವೆ. 0.177 ಅಂಗುಲ ಬೋರ್ ಹಾಗೂ 20 ಜೂಲ್ ಶಕ್ತಿಯನ್ನು ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಶಕ್ತಿ ಸುಮಾರು 6 ಜೂಲ್. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಹತ್ತಿರದಿಂದ ಕಣ್ಣು ಕಳೆಯಲು ಅಷ್ಟು ಶಕ್ತಿ ಧಾರಾಳವಾಗಿ ಸಾಕು. 25 ಮೀಟರ್ ಸ್ಪರ್ಧೆಯ ಪಾಯಿಂಟ್ 22 ಪಿಸ್ತೂಲು ಬಂದೂಕಿನ ವರ್ಗಕ್ಕೆ ಸೇರಿದ್ದು, ಅದಕ್ಕೆ ಪರವಾನಗಿ ಪಡೆಯುವುದು ಕಡ್ಡಾಯ.

ಗದಗ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ವಲಸೆ ಬರುತ್ತವೆ. 2024ರಲ್ಲಿ ಈ ಕೆರೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಗುಡ್ಡದ ಬಯಲಿನಲ್ಲಿ, ಕೆರೆಯ ದಂಡೆಯಲ್ಲಿ ಏರ್ ಪಿಸ್ತೂಲು ಅಥವಾ ಏರ್ ರೈಫಲ್ ಹಿಡಿದು "ಅಭ್ಯಾಸ" ಮಾಡುವುದು ಕ್ರೀಡೆಯಲ್ಲ. ಹಕ್ಕಿಗಳಿಗೆ ಗುರಿಯಿಡುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಡಿ ಅಪರಾಧ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಬಂದೂಕು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವವರಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಅಭ್ಯಾಸ ಸ್ಥಳ

ಹತ್ತು ಮೀಟರ್ ಎಂದರೆ ಸುಮಾರು 33 ಅಡಿ. ಹಳ್ಳಿಯ ಖಾಲಿ ಗೋದಾಮಿನಲ್ಲಿ ಅಥವಾ ಉದ್ದನೆಯ ಪಡಸಾಲೆಯಲ್ಲಿ ಇಷ್ಟು ಜಾಗ ದೊರೆಯುವುದು ಕಷ್ಟವಲ್ಲ. ಗುರಿಯ ಹಿಂದೆ ಕಿಟಕಿ, ಬಾಗಿಲು, ಓಡಾಡುವ ದಾರಿ ಇರಕೂಡದು. ಪಕ್ಕದಿಂದ ಯಾರೂ ಒಳಬರದಂತೆ ಬಾಗಿಲಿಗೆ ಅಗಳಿ ಹಾಕತಕ್ಕದ್ದು. ಗುರಿಹಲಗೆಯ ಕೇಂದ್ರವು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕು. ಪೆಲೆಟ್ ಹಿಡಿಯಲು ಗಟ್ಟಿ ಪೆಟ್ಟಿಗೆಯೊಳಗೆ ಕೆಳಮುಖವಾಗಿ ಓರೆಯಾಗಿಸಿದ ಉಕ್ಕಿನ ತಗಡನ್ನು ಅಳವಡಿಸಬೇಕು. ನೇರವಾಗಿ ನಿಲ್ಲಿಸಿದ ತಗಡಿಗೆ ಅಥವಾ ಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ಹಿಂದಕ್ಕೆ ಪುಟಿಯುತ್ತದೆ. ಕನ್ನಡಕ ಧರಿಸುವುದು ಕಡ್ಡಾಯ.

ಬಯಲಿನ ಅಭ್ಯಾಸಕ್ಕೆ ಈ ಜಿಲ್ಲೆಯ ಹವೆ ಒಗ್ಗುವುದಿಲ್ಲ. ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯು ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು ಸರಿಸುವುದಿರಲಿ, ಅದಕ್ಕೂ ಮೊದಲು ಚಾಚಿದ ತೋಳನ್ನೇ ಅಲುಗಾಡಿಸುತ್ತದೆ.

ಮೂಲ ಕೌಶಲಗಳು

ಪಾದಗಳನ್ನು ಭುಜದಷ್ಟು ಅಗಲಕ್ಕೆ ಇರಿಸಿ, ಕಣ್ಣು ಮುಚ್ಚಿ, ಕೈಯನ್ನು ಸಹಜವಾಗಿ ಎತ್ತಬೇಕು. ಕಣ್ಣು ತೆರೆದಾಗ ಪಿಸ್ತೂಲು ಗುರಿಯ ಎಡಕ್ಕೋ ಬಲಕ್ಕೋ ಇದ್ದರೆ ಕೈಯನ್ನು ಎಳೆದು ಸರಿಪಡಿಸಬಾರದು. ಹಿಂದಿನ ಪಾದವನ್ನು ಸ್ವಲ್ಪ ಸರಿಸಿ ಇಡೀ ದೇಹವನ್ನು ತಿರುಗಿಸಬೇಕು. ಹಿಡಿತದಲ್ಲಿ ಮುಖ್ಯವಾದುದು ಬಿಗಿಯಲ್ಲ, ಪ್ರತಿ ಬಾರಿಯೂ ಒಂದೇ ರೀತಿ ಇರುವುದು. ಒತ್ತಡವು ನಡುಬೆರಳು ಹಾಗೂ ಉಂಗುರಬೆರಳಿನಿಂದ ನೇರವಾಗಿ ಹಿಂದಕ್ಕೆ ಬರಬೇಕು. ತೋರುಬೆರಳು ಹಿಡಿಗೆ ಅಂಟದೆ ಸ್ವತಂತ್ರವಾಗಿರಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಕಣ್ಣಿನ ವಿಷಯದಲ್ಲಿ. ಅವರು ಗುರಿಯನ್ನು ನೋಡುತ್ತಾರೆ. ನೋಡಬೇಕಾದುದು ಮುಂಬದಿಯ ಸೈಟನ್ನು. ಅದರ ಕಾರಣ ಹೀಗಿದೆ. ಎರಡು ಸೈಟುಗಳ ನಡುವಿನ ಅಂತರ 350 ಮಿ.ಮೀ. ಎಂದಿಟ್ಟುಕೊಂಡರೆ, ಹಿಂಬದಿಯ ಸೈಟಿನ ಸೀಳಿನಲ್ಲಿ ಮುಂಬದಿಯ ಸೈಟು ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿದರೂ 10 ಮೀಟರ್ ದೂರದಲ್ಲಿ ಪೆಲೆಟ್ 28 ಮಿ.ಮೀ.ಗೂ ಹೆಚ್ಚು ಆಚೆ ಬೀಳುತ್ತದೆ. ಅಂದರೆ ಹತ್ತರ ಬದಲು ಏಳು ಅಂಕ. ಆದರೆ ಸೈಟುಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿದ್ದು, ಇಡೀ ಕೈಯೇ 1 ಮಿ.ಮೀ. ಸಮಾನಾಂತರವಾಗಿ ಅಲುಗಿದರೆ ಪೆಲೆಟ್ ಸರಿಯುವುದೂ 1 ಮಿ.ಮೀ. ಮಾತ್ರ. ಕೈ ಅಲುಗುವುದು ಎಲ್ಲರಿಗೂ ಸಹಜ. ಒಲಿಂಪಿಕ್ ಪದಕ ವಿಜೇತರ ಕೈಯೂ ಅಲುಗುತ್ತದೆ. ಆದುದರಿಂದ ಮುಂಬದಿಯ ಸೈಟು ಸ್ಪಷ್ಟವಾಗಿಯೂ, ಗುರಿಯ ಕಪ್ಪು ವೃತ್ತವು ಮಸುಕಾಗಿಯೂ ಕಾಣುವುದೇ ಸರಿಯಾದ ಸ್ಥಿತಿ.

ಟ್ರಿಗರನ್ನು ಬೆರಳ ತುದಿಯ ಮೆತ್ತನೆಯ ಭಾಗದಿಂದ, ಕೈ ಅಲುಗುತ್ತಿರುವಾಗಲೇ, ಏಕರೀತಿಯಲ್ಲಿ ಹಿಂದಕ್ಕೆ ಒತ್ತುತ್ತ ಹೋಗಬೇಕು. "ಈಗ ಸರಿಯಾಗಿದೆ, ಹೊಡೆ" ಎಂದು ಮನಸ್ಸು ಹೇಳಿದ ಕ್ಷಣದಲ್ಲಿ ಟ್ರಿಗರನ್ನು ಜಗ್ಗಿದರೆ ಬಲಗೈಯವರ ಪೆಲೆಟ್ ಸಾಮಾನ್ಯವಾಗಿ ಎಡಕ್ಕೆ ಕೆಳಗೆ ಬೀಳುತ್ತದೆ. ಗುರಿಯ ಮೇಲೆ ಕೈ ನಿಂತ ಸುಮಾರು ಎಂಟು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಕೈ ಇಳಿಸುವುದು ಸೋಲೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದೂ ಕಲಿಯಬೇಕಾದ ಕೌಶಲ. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಅದೇ ಭಂಗಿಯಲ್ಲಿ, ಸೈಟನ್ನೇ ನೋಡುತ್ತ ನಿಲ್ಲಬೇಕು.

ಗುಂಡಿಲ್ಲದ ಅಭ್ಯಾಸ

ಪಿಸ್ತೂಲು ಖಾಲಿ ಇದೆಯೆಂದು ಎರಡು ಬಾರಿ ಪರೀಕ್ಷಿಸಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿರಿಸಿ, ಸುರಕ್ಷಿತ ದಿಕ್ಕಿನ ಬಿಳಿ ಗೋಡೆಯೆದುರು ನಿಂತು ಟ್ರಿಗರ್ ಅಭ್ಯಾಸ ಮಾಡಬೇಕು. ಗೋಡೆಯ ಮೇಲೆ ಗುರಿ ಇರುವುದಿಲ್ಲವಾದ್ದರಿಂದ ಕಣ್ಣು ಸೈಟನ್ನು ಬಿಟ್ಟು ಬೇರೆಲ್ಲಿಗೂ ಹೋಗಲಾರದು. ಟ್ರಿಗರ್ ಬಿದ್ದ ಕ್ಷಣ ಸೈಟು ಕುಣಿದರೆ ತಪ್ಪು ತಾನಾಗಿಯೇ ಕಾಣುತ್ತದೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗಾಳಿ ಬಿಡದೆ ಟ್ರಿಗರ್ ಎಳೆಯುವ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಮಾದರಿಯ ಅಗ್ಗದ ಪಿಸ್ತೂಲುಗಳನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಒಳಗಿನ ಪಿಸ್ಟನ್ ಬಡಿದು ಹಾಳಾಗುತ್ತದೆ. ಅವುಗಳಲ್ಲಿ ಹಿಡಿದು ನಿಲ್ಲುವ ಅಭ್ಯಾಸವನ್ನಷ್ಟೇ ಮಾಡತಕ್ಕದ್ದು.

ಪಿಸ್ತೂಲೇ ಇಲ್ಲದವರೂ ಸುಮ್ಮನಿರಬೇಕಿಲ್ಲ. ಒಂದು ಲೀಟರ್ ನೀರು ತುಂಬಿದ ಬಾಟಲಿಯ ತೂಕವು ಏರ್ ಪಿಸ್ತೂಲಿನ ತೂಕಕ್ಕೆ ಸಮೀಪ. ಅದನ್ನು ಭುಜದ ಮಟ್ಟಕ್ಕೆ ಎತ್ತಿ ಹದಿನೈದು ಸೆಕೆಂಡು ಹಿಡಿದು, ಇಳಿಸಿ, ವಿಶ್ರಮಿಸಿ ಮತ್ತೆ ಎತ್ತುವುದು ಒಳ್ಳೆಯ ತಯಾರಿ. 60 ಗುಂಡುಗಳ ಸ್ಪರ್ಧೆಯಲ್ಲಿ ತೋಳು ನೂರಕ್ಕೂ ಹೆಚ್ಚು ಬಾರಿ ಏಳಬೇಕಾಗಬಹುದು. ಭುಜದಲ್ಲಿ ನೋವು ಕಂಡರೆ ನಿಲ್ಲಿಸತಕ್ಕದ್ದು.

ವೇಗದ ಸ್ಪರ್ಧೆಗೆ ತಯಾರಾಗುವವರು ಕೈಯನ್ನು 45 ಡಿಗ್ರಿ ಕೆಳಗೆ ಇಳಿಸಿ, ಜೊತೆಗಾರರ ಸಂಕೇತಕ್ಕೆ ಎತ್ತಿ, ಮೂರು ಸೆಕೆಂಡಿನೊಳಗೆ ಖಾಲಿ ಟ್ರಿಗರ್ ಎಳೆಯುವ ಅಭ್ಯಾಸ ಮಾಡಬಹುದು. ಎತ್ತುವ ಚಲನೆ ಚುರುಕಾಗಿರಲಿ, ಟ್ರಿಗರ್ ಮಾತ್ರ ಅದೇ ನಯದಲ್ಲಿರಲಿ. ಕೈ ಏಳುತ್ತಿರುವಾಗಲೇ ಟ್ರಿಗರಿನ ಮೊದಲ ಒತ್ತಡವನ್ನು ತೆಗೆದುಕೊಳ್ಳುವುದರಿಂದ ಸಮಯ ಉಳಿಯುತ್ತದೆ.

ದಿನಚರಿ

ಪ್ರತಿ ಗುಂಡಿನ ನಂತರ, ಗುರಿಯನ್ನು ನೋಡುವ ಮೊದಲೇ, ಅದು ಎಲ್ಲಿ ಬಿದ್ದಿರಬಹುದೆಂದು ಅಂದಾಜಿಸಿ ಬರೆದಿಡಬೇಕು. ಅಂದಾಜು ಮತ್ತು ವಾಸ್ತವ ಹೊಂದಿಕೆಯಾದರೆ ಕ್ರೀಡಾಪಟು ತನ್ನ ತಪ್ಪನ್ನು ತಾನೇ ಕಾಣಬಲ್ಲನೆಂದರ್ಥ. ತರಬೇತುದಾರರು ದೂರವಿರುವ ಊರಿನಲ್ಲಿ ಇದರ ಬೆಲೆ ಹೆಚ್ಚು. ಗುಂಡುಗಳೆಲ್ಲ ಒಂದೇ ಕಡೆ ಗುಂಪಾಗಿ ಕೇಂದ್ರದಿಂದ ಆಚೆಗಿದ್ದರೆ ಸೈಟನ್ನು ತಿರುಗಿಸಿ ಸರಿಪಡಿಸಬಹುದು. ಚದುರಿದ್ದರೆ ಸೈಟನ್ನು ಮುಟ್ಟಬಾರದು.

ತರಬೇತಿಗಾಗಿ ದೂರ ಹೋಗಬೇಕಾದುದು ಈ ಜಿಲ್ಲೆಗೆ ಹೊಸದೇನಲ್ಲ. ಗದಗದ ಸುನೀಲ್ ಜೋಶಿ ಅವರು ಬಾಲ್ಯದಲ್ಲಿ ಬೆಳಗಿನ ಜಾವ ಹುಬ್ಬಳ್ಳಿಗೆ ಪ್ರಯಾಣಿಸಿ, ಕ್ರಿಕೆಟ್ ಅಭ್ಯಾಸ ಮುಗಿಸಿ ಶಾಲೆಗೆ ಮರಳುತ್ತಿದ್ದವರು. ಮುಂದೆ ಭಾರತ ತಂಡದಲ್ಲಿ ಆಡಿದರು. ಶೂಟಿಂಗ್‌ನಲ್ಲಿ ತಿಂಗಳಿಗೆ ಕೆಲವು ದಿನ ಸುಸಜ್ಜಿತ ರೇಂಜಿನಲ್ಲಿ ಕಳೆದು, ಉಳಿದ ದಿನ ಮನೆಯಲ್ಲಿ ಗುಂಡಿಲ್ಲದ ಅಭ್ಯಾಸ ಮುಂದುವರಿಸುವ ಅನುಕೂಲವಾದರೂ ಇದೆ.

ಆರೋಗ್ಯ ಮತ್ತು ನೋಂದಣಿ

ಪೆಲೆಟ್‌ಗಳು ಸೀಸದವು. ಅಭ್ಯಾಸದ ನಡುವೆ ತಿನ್ನುವುದು, ಪೆಲೆಟ್ಟನ್ನು ತುಟಿಯಲ್ಲಿ ಹಿಡಿಯುವುದು ಸಲ್ಲದು. ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಪೆಟ್ಟಿಗೆಯಲ್ಲಿ ಸಂಗ್ರಹವಾದ ಸೀಸವನ್ನು ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಮುಚ್ಚಿಡಬೇಕು. ಹೊಲಕ್ಕಾಗಲಿ ತಿಪ್ಪೆಗಾಗಲಿ ಎಸೆಯಬಾರದು. ಪಿಸ್ತೂಲು ಮತ್ತು ಪೆಲೆಟ್‌ಗಳನ್ನು ಬೇರೆ ಬೇರೆಯಾಗಿ ಬೀಗದಲ್ಲಿಡಬೇಕು.

ಸ್ಪರ್ಧೆಯಲ್ಲಿ ಭಾಗವಹಿಸಲು ಇಚ್ಛಿಸುವವರು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಅಥವಾ ಅದರ ಮಾನ್ಯತೆಯುಳ್ಳ ಕ್ಲಬ್ಬಿನ ಸದಸ್ಯತ್ವ ಪಡೆಯಬೇಕಾಗುತ್ತದೆ. ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ನಿಗದಿತ ಕನಿಷ್ಠ ಅಂಕ ಗಳಿಸಿದವರು ಮುಂದಿನ ಹಂತದ ಸ್ಪರ್ಧೆಗಳಿಗೆ ಅರ್ಹರಾಗುತ್ತಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಶಿಬಿರಗಳಲ್ಲಿ ಪಾಯಿಂಟ್ 22 ರೈಫಲ್ ಹಾರಿಸುವ ಅವಕಾಶ ದೊರೆಯುತ್ತದೆ. ಪಿಸ್ತೂಲು ಕೊಳ್ಳಲು ಹಣ ಹೂಡುವ ಮುನ್ನ ಅಲ್ಲಿ, ಅಥವಾ ಕ್ಲಬ್ಬಿನ ಪಿಸ್ತೂಲಿನಲ್ಲಿ, ಕೆಲವು ತಿಂಗಳು ಅಭ್ಯಾಸ ಮಾಡಿ ನೋಡುವುದು ಸೂಕ್ತ.